ಡ್ಯಾಫ್ನಿಯಾಗಳಿಗೆ ಹತ್ತು ಸಲ ಸ್ನಾನ

2008ರಲ್ಲಿ ನಾನು ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಮೈಕ್ರೋಬಯಾಲಜಿಸ್ಟ್ ಆಗಿದ್ದೆ. ಕಾರ್ಖಾನೆಗಳ ತ್ಯಾಜ್ಯನೀರು ಎಷ್ಟು ವಿಷಕಾರಿ ಎಂದು ಹೇಳುವುದು ನಮ್ಮ ಕೆಲಸ. ನಿಜವಾಗಿ ಹೇಳುತ್ತಿದ್ದುದು ನಾವಲ್ಲ, ಡ್ಯಾಫ್ನಿಯಾ. ಎಳ್ಳುಕಾಳಿನಷ್ಟಿರುವ ಈ ನೀರುಜೀವಿಯ ಮರಿಗಳನ್ನು ಆ ನೀರಿಗೆ ಬಿಡುತ್ತಿದ್ದೆವು. ಬದುಕಿದರೆ ನೀರು ಪಾಸು, ಸತ್ತರೆ ಫೇಲು. ಈ ಪರೀಕ್ಷೆ ಶುರು ಮಾಡೋಣವೆಂದು ಮಾಲೀಕರ ಬೆನ್ನು ಬಿದ್ದವಳು ನಾನೇ. ಅದಕ್ಕೆ ಮಾನ್ಯತೆ ಕೊಡುವ ತಪಾಸಣಾಧಿಕಾರಿ ಆಯುಧಪೂಜೆ ಕಳೆದು ಮೂರು ವಾರಕ್ಕೆ ಬರುವವರಿದ್ದರು. ಅಂದು ಮರಿಗಳಿರದಿದ್ದರೆ ಪರೀಕ್ಷೆಯನ್ನೇ ಕೈಬಿಡುವುದಾಗಿ ಮಾಲೀಕರು ಖಡಾಖಂಡಿತ ಹೇಳಿದ್ದರು.

ಶುಚಿಯೆಂದರೆ ನನಗೆ ಹುಚ್ಚು. ಹಬ್ಬದ ದಿನ ಬೆಳಿಗ್ಗೆ ಅಕ್ಕಪಕ್ಕದ ಶೆಡ್ಡುಗಳಲ್ಲಿ ಲೇತ್ ಮಷಿನ್‌ಗಳನ್ನು ಉಜ್ಜಿ ತೊಳೆಯುತ್ತಿದ್ದುದನ್ನು ಕಂಡು ನನಗೂ ಹುರುಪು ಬಂತು. ನಮ್ಮ ಜಾಡಿಗಳಿಗೆ ಲೋಳೆ ಕಟ್ಟಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ಯಾಕ್ಟೀರಿಯಾಗಳ ಸಂತೆ. ಅವು ಮಿತಿಮೀರಿದರೆ ನೀರಿನ ಆಮ್ಲಜನಕ ಹೀರಿ ಡ್ಯಾಫ್ನಿಯಾಗಳನ್ನು ಕೊಲ್ಲುತ್ತವೆ. ಹನ್ನೆರಡು ಜಾಡಿ ಕುದಿಸಿದೆ, ನೀರು ಕುದಿಸಿದೆ, ಅವು ತಿನ್ನುವ ಹಸಿರು ಪಾಚಿಯನ್ನೂ ಕುದಿಸಿದೆ. ಡ್ಯಾಫ್ನಿಯಾಗಳನ್ನು ಪಿಪೆಟ್ಟಿನಲ್ಲಿ ಒಂದೊಂದಾಗಿ ಎತ್ತಿ ಹತ್ತು ಸಲ ಸ್ನಾನ ಮಾಡಿಸಿದೆ. ನನ್ನ ಮಗಳಿಗೂ ಅಷ್ಟು ಶ್ರದ್ಧೆಯಿಂದ ನೀರು ಹಾಕಿದವಳಲ್ಲ. ಅಳಿದುಳಿದ ಡ್ಯಾಫ್ನಿಯಾಗಳಿದ್ದ ಲೋಳೆನೀರನ್ನು ಚೆಲ್ಲಲು ಕಸ ಗುಡಿಸುವ ಜಯಮ್ಮನಿಗೆ ಹೇಳಿದೆ.

ಎರಡು ವಾರ ಕಳೆದರೂ ಒಂದು ಮರಿಯಿಲ್ಲ. ತಾಯಿ ಡ್ಯಾಫ್ನಿಯಾಗಳು ಬಿಳಿಚಿಕೊಂಡು ತಳ ಸೇರಿದ್ದವು. ನಾನು ಗಾಬರಿಯಾಗಿ ಮತ್ತೆ ಸ್ನಾನ ಮಾಡಿಸಿದೆ. ಅರ್ಧದಷ್ಟು ಸತ್ತೇಹೋದವು.

ತಪಾಸಣಾಧಿಕಾರಿ ಬಂದರು. ಫಳಫಳ ಹೊಳೆಯುವ ಜಾಡಿಗಳನ್ನು ನೋಡಿ ಕೈ ತೊಳೆಯಲು ಹೋದರು. ಮರಳಿದಾಗ ಅವರ ಕೈಯಲ್ಲೊಂದು ಉಪ್ಪಿನಕಾಯಿ ಬಾಟಲಿ. ಪಾಚಿ, ಲೋಳೆ, ಅದರೊಳಗೆ ಕುಪ್ಪಳಿಸುವ ನೂರಾರು ಡ್ಯಾಫ್ನಿಯಾ ಮರಿಗಳು.

"ಬಾತ್‌ರೂಮ್ ಕಿಟಕೀಲಿತ್ತು. ಯಾರು ಸಾಕಿರೋದು?"

ಜಯಮ್ಮ ಪೊರಕೆ ಹಿಡಿದೇ ಮುಂದೆ ಬಂದಳು. "ನಾನೇ ಸಾರ್. ಅಬ್ಬದ ದಿನ ಜೀವ ಇರೋದ್ನ ಎಂಗೆ ಚೆಲ್ಲಾದು ಅಂತ ಇಟ್ಕಂಡೆ."

"ಏನು ಮಾಡ್ತಿದ್ರಿ ಇವಕ್ಕೆ?"

"ಏನೂ ಮಾಡ್ನಿಲ್ಲ ಸಾರ್."

ಅವರು ನನ್ನತ್ತ ತಿರುಗಿದರು. "ಬ್ಯಾಕ್ಟೀರಿಯಾನೂ ಇವಕ್ಕೆ ಊಟ ಕಣ್ರೀ. ಮಿತೀಲಿದ್ರೆ ಬೇಕೇ ಬೇಕು. ನೀವು ತಟ್ಟೆ ತೊಳೆಯೋ ಭರದಲ್ಲಿ ಅನ್ನಾನೂ ತೊಳೆದುಬಿಟ್ಟಿದ್ದೀರಿ."

ಪುಣ್ಯಾತ್ಮರು ಒಂದು ತಿಂಗಳ ಗಡುವು ಕೊಟ್ಟರು. ಆ ಬಾಟಲಿಯ ಸಂತಾನದಿಂದಲೇ ಹನ್ನೆರಡು ಜಾಡಿಗಳೂ ತುಂಬಿದವು, ಮಾನ್ಯತೆಯೂ ಬಂತು.

ಯಾವುದನ್ನು ತೊಳೆಯಬೇಕೆಂದು ಕಾಲೇಜಿನಲ್ಲಿ ಕಲಿತಿದ್ದೆ. ಎಲ್ಲಿಗೆ ನಿಲ್ಲಿಸಬೇಕೆಂದು ಕಲಿತದ್ದು ಪೀಣ್ಯದಲ್ಲಿ. ಮರುವರ್ಷದ ಆಯುಧಪೂಜೆಗೆ ಜಯಮ್ಮ ಉಪ್ಪಿನಕಾಯಿ ಬಾಟಲಿಗೆ ಹೊರಗಿನಿಂದ ಕುಂಕುಮವಿಟ್ಟು ನನ್ನನ್ನು ನೋಡಿದಳು. "ಮೇಡಂ, ನೀವು ಇದ್ನ ಮುಟ್ಬೇಡಿ."

ನಾನು ಮುಟ್ಟಲಿಲ್ಲ.