ತೀರ್ಥರಾಮೇಶ್ವರನ ಗುಡ್ಡದಲ್ಲಿ ನನ್ನ ಸೈಕಲ್ ತಳ್ಳಿದ್ದು ಯಾರು?

ಕಳೆದ ಶ್ರಾವಣದಲ್ಲಿ ನಮ್ಮ ಯಜಮಾನರ ಕಾಲು ಸ್ವಾಧೀನ ತಪ್ಪಿದವು. ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ನಿಂತು ಸೀರೆ ಬಿಚ್ಚಿ ತೋರಿಸುವ ಮನುಷ್ಯ, ಒಂದು ದಿನ ಮಂಚದಿಂದ ಇಳಿಯಲು ಹೋಗಿ ಅಲ್ಲೇ ಕುಸಿದು ಕೂತರು. ಮರುದಿನ ಕೈಯೂ ಏಳಲಿಲ್ಲ. ದಾವಣಗೆರೆ ಆಸ್ಪತ್ರೆಯಲ್ಲಿ ಡಾಕ್ಟರು, "ಇದು ನರಕ್ಕೆ ಬರೋ ಕಾಯಿಲೆ. ಕಾಲಿನಿಂದ ಮೇಲಕ್ಕೆ ಏರ್ತಾ ಇದೆ. ಉಸಿರಿಗೆ ಬರದ ಹಾಗೆ ನೋಡ್ಕೋತೀವಿ" ಅಂದರು.

ಐಸಿಯು ಹೊರಗಿನ ಬೆಂಚಿನಲ್ಲಿ ಕೂತು ಬೇಡಿಕೊಂಡೆ. "ಅಜ್ಜಯ್ಯ, ಇವರ ಕಾಲು ನೆಲಕ್ಕೆ ಊರೋ ಹಂಗೆ ಮಾಡಪ್ಪ. ನಾನು ತೀರ್ಥರಾಮೇಶ್ವರನ ಗುಡ್ಡಾನ ನೆಲಕ್ಕೆ ಕಾಲೂರದಂಗೆ ಹತ್ತಿ ಬರ್ತೀನಿ." ಉಕ್ಕಡಗಾತ್ರಿ ಅಜ್ಜಯ್ಯ ನಾವು ನಂಬಿದ ದೇವರು, ರಾಮೇಶ್ವರ ನಮ್ಮ ಮನೆದೇವರು. ಗಾಬರಿಯಲ್ಲಿ ಒಬ್ಬರನ್ನು ಬೇಡಿ ಇನ್ನೊಬ್ಬರ ಗುಡ್ಡ ಹೇಳಿಬಿಟ್ಟಿದ್ದೆ. ಕಾಲೂರದೆ ಹತ್ತೋದು ಹೆಂಗೆ ಅನ್ನೋದಂತೂ ಆಗ ತಲೆಗೇ ಬರಲಿಲ್ಲ.

ಕಾಯಿಲೆ ಎದೆ ತನಕ ಬಂದು ನಿಂತಿತು. ಅಜ್ಜಯ್ಯನ ದಯೆ. ದಸರಾ ಹೊತ್ತಿಗೆ ಮನೆಗೆ ಕರೆತಂದೆವು. ಆದರೆ ಕೋಲು ಹಿಡಿದು ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ, ಅಷ್ಟೇ ಅವರ ಓಡಾಟ. ಹೊಸ್ತಿಲು ಇಳಿಯುತ್ತಿರಲಿಲ್ಲ. "ಕಾಯಿಲೆ ಹೋಗಿದೆ, ನಡೀರಿ" ಅಂತ ಡಾಕ್ಟರು ಎಷ್ಟು ಹೇಳಿದರೂ, "ಬಿದ್ದುಬಿಡ್ತೀನಿ" ಅನ್ನುವರು. ಹರಕೆ ಬಾಕಿ ಇದೆ, ಅದಕ್ಕೇ ಅರ್ಧಕ್ಕೆ ನಿಂತಿದೆ ಅಂತ ನನಗೆ ಒಳಗೊಳಗೇ ಕೊರೆಯತೊಡಗಿತು.

ಆಟೋ ಓಡಿಸುವ ನನ್ನ ತಮ್ಮ ಶೇಖರನಿಗೆ ಹೇಳಿದೆ. ಅವನು ನಕ್ಕ. "ಇಷ್ಟೇನಾ ಅಕ್ಕ? ನನ್ನ ಆಟೋದಾಗ ಕೂಡು. ಕಾಲೂ ಊರಂಗಿಲ್ಲ, ಹರಕೆನೂ ತೀರ್ತು."

"ಅದು ದೇವರಿಗೆ ಮೋಸ ಮಾಡಿದಂಗಲ್ಲೇನೋ?"

"ಹಂಗಾದ್ರೆ ಹಾರ್ಕೊಂಡು ಹೋಗು."

ತವರುಮನೆ ಲೋಕಿಕೆರೆಯಲ್ಲಿ ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ ಹೊಡೆದಿದ್ದೆ. ಅದು ನೆನಪಾಗಿ, ಸೈಕಲ್ ಮೇಲೆ ಹತ್ತಿದರೆ ನನ್ನ ಬೆವರೂ ಸುರಿಯುತ್ತೆ, ಕಾಲೂ ಊರೋದಿಲ್ಲ ಅಂತ ತೀರ್ಮಾನಿಸಿದೆ. ಶೇಖರನೇ ಎಲ್ಲಿಂದಲೋ ದಪ್ಪ ಟೈರಿನ ಗೇರ್ ಸೈಕಲ್ ತಂದುಕೊಟ್ಟ. ಒಗೆದ ಬಟ್ಟೆ ಹೊತ್ತು ಮಹಡಿ ಹತ್ತಿದರೇ ಏದುಸಿರು ಬಿಡುವವಳು ನಾನು. ನಮ್ಮ ವಿನೋಬನಗರದ ಓಣಿಯಲ್ಲಿ ಚೂಡಿದಾರ ಹಾಕಿಕೊಂಡು ತುಳಿಯುವಾಗ ಹೂ ಮಾರುವಾಕೆ, "ಏನಕ್ಕಾ, ಈ ವಯಸ್ಸಿನಾಗ ರೇಸಿಗೆ ಹೊಂಟೀರೇನು?" ಅಂದಳು. ಬಲಗೈ ಗೇರು ಯಾವುದು, ಎಡಗೈ ಗೇರು ಯಾವುದು ಅನ್ನೋದು ಕೊನೆವರೆಗೂ ತಿಳಿಯಲಿಲ್ಲ.

"ನೀನು ಬಿದ್ರೆ ಎತ್ತೋಕೆ ನನ್ನ ಕೈಲಾಗಲ್ಲ ಕಣೆ" ಅಂದರು ಯಜಮಾನರು.

"ಎತ್ತೋಕೆ ಶೇಖರ ಅದಾನೆ. ನೀವು ಆಟೋದಾಗ ಕೂತು ನೋಡ್ರಿ, ಸಾಕು" ಅಂದೆ.

ಮಾಘದಲ್ಲಿ ಹೊರಟೆವು. ಮೊದಲ ದಿನ ಹರಿಹರ. ರಸ್ತೆ ಸಮ, ಗಾಳಿ ಬೆನ್ನಿಗಿತ್ತು. ಚಿಕ್ಕಮ್ಮನ ಮನೆಯಲ್ಲಿ ಬಿಸಿನೀರು ಕಾದಿತ್ತು. ಮರುದಿನ ಉಕ್ಕಡಗಾತ್ರಿಗೆ ಮುಟ್ಟುವಷ್ಟರಲ್ಲಿ ಕೂರಲೂ ಆಗದು, ನಿಲ್ಲಲೂ ಆಗದು. ಹೊಳೆಯಲ್ಲಿ ಮಿಂದು ಅಜ್ಜಯ್ಯನ ಮುಂದೆ, "ನನ್ನ ಕಾಲಿಗೆ ಶಕ್ತಿ ಕೊಡು" ಅಂತ ಅತ್ತೆ. ಹೊನ್ನಾಳಿ ದಾಟಿದ ಮೇಲೆ ರಸ್ತೆ ಏರಿಳಿಯತೊಡಗಿತು. ದಿಬ್ಬ ಬಂದಾಗೆಲ್ಲ ಇಳಿದು ತಳ್ಳಿಕೊಂಡು ನಡೆದೆ. ಹರಕೆ ಗುಡ್ಡಕ್ಕೆ ಮಾತ್ರ, ದಾರಿಗಲ್ಲ ಅಂತ ಸಮಾಧಾನ ಮಾಡಿಕೊಂಡೆ. ಒಂದು ಮನೆಯವರು ಕರೆದು ಮಜ್ಜಿಗೆ ಕೊಟ್ಟರು. ಅದೂ ದಯೆಯೇ.

ಕೊನೆಯ ದಿನ ಗುಡ್ಡದ ಬುಡದಲ್ಲಿ ಕೈಮುಗಿದು ಹತ್ತಲು ಶುರುಮಾಡಿದೆ. ಆಟೋ ಸ್ವಲ್ಪ ಮುಂದೆ ಹೋಗಿ ತಿರುವಿನಲ್ಲಿ ನಿಂತಿತು. ಅದರ ಪಕ್ಕ ದಾಟುವಾಗ ಯಜಮಾನರು, "ಸಾಕು ಬಿಡೇ, ಉಸಿರು ನಿಲ್ತತಿ" ಅಂತ ಕೂಗಿದ್ದು ಕೇಳಿಸಿತು. ನಾನು ತುಳಿಯುತ್ತಲೇ ಹೋದೆ. ಮುಂದೆ ಏರು ಇನ್ನೂ ಕಡಿದಾಯಿತು. ಸೈಕಲ್ ಓಲಾಡಿತು. ಮೊಣಕಾಲು ಕಲ್ಲಾದವು. ಕಣ್ಣಿಗೆ ಕತ್ತಲೆ ಬಂದು, ಬಲಗಾಲು ಪೆಡಲಿನಿಂದ ಜಾರಿತು. ಇವರ ಕಾಲನ್ನು ನಾನೇ ಕಳೆದೆನಲ್ಲಪ್ಪ ಅಂದುಕೊಂಡೆ. ಆಗ ಹಿಂದಿನಿಂದ ಯಾರೋ ಮೆಲ್ಲಗೆ ತಳ್ಳಿದರು.

ಸೈಕಲ್ ನೆಟ್ಟಗಾಯಿತು. ಜಾರಿದ ಕಾಲು ನೆಲ ಮುಟ್ಟದೆ ಪೆಡಲಿಗೆ ವಾಪಸ್ ಬಂತು. ತಿರುಗಿ ನೋಡಿದರೆ ಬೀಳುತ್ತೇನೆ. "ಶೇಖರ, ಬಿಡೋ! ಹರಕೆ ಕೆಡ್ತತಿ!" ಅಂತ ಬೈದೆ. ಮೇಲೇರುತ್ತಾ ತಲೆ ಎತ್ತಿದರೆ, ಶೇಖರ ನನ್ನ ಎದುರಿಗೇ ಇದ್ದಾನೆ! ಆಟೋ ತಿರುವಿನಲ್ಲೇ ಬಿಟ್ಟು, ನೀರಿನ ಬಾಟಲಿ ಹಿಡಿದು ಮೊದಲೇ ಮೇಲೆ ಹೋಗಿ ನಿಂತಿದ್ದವನು, ನನ್ನ ಹಿಂದಕ್ಕೆ ನೋಡುತ್ತಾ ಬಾಯಿ ತೆರೆದುಕೊಂಡಿದ್ದ.

ಗುಡಿಯ ಮುಂದಿನ ಕಟ್ಟೆಗೆ ಸೈಕಲ್ ಆನಿಸಿ ಹಿಂದೆ ನೋಡಿದೆ. ಯಜಮಾನರು. ಎರಡೂ ಕೈಯಲ್ಲಿ ಕ್ಯಾರಿಯರ್ ಹಿಡಿದಿದ್ದಾರೆ, ಅಂಗಿ ತೊಯ್ದು ತೊಪ್ಪೆಯಾಗಿದೆ, ಕಾಲು ಗಡಗಡ ನಡುಗುತ್ತಿವೆ. ಆದರೆ ನೆಲಕ್ಕೆ ಊರಿವೆ.

"ನೀವೇನ್ರಿ ತಳ್ಳಿದ್ದು?"

"ಎಲ್ಲಿ ತಳ್ಳಲಿ? ನೀನು ಬೀಳ್ತೀ ಅಂತ ಇಳಿದು ಬಂದು ಹಿಡ್ಕಂಡೆ. ಆಮೇಲೆ ಬಿಟ್ರೆ ನಾನೇ ಬೀಳ್ತಿದ್ದೆ. ನೀನೇ ಎಳಕಂಡು ಬಂದೆ."

"ನಾನೆಲ್ಲಿ ಎಳೆದೆ? ನನ್ನ ಕಾಲು ಆಗಲೇ ಸತ್ತಿದ್ವು. ಯಾರೋ ತಳ್ಳಿದ್ದು ನನಗೆ ಗೊತ್ತಾಗ್ಲಿಲ್ವಾ?"

"ದೇವರಾಣೆಗೂ ನಾನಲ್ಲ."

ಶೇಖರನನ್ನು ಕೇಳಿದರೆ, "ಅಕ್ಕ, ನಂಗೆ ಭಾವ ನಡೆಯೋದು ಬಿಟ್ರೆ ಬೇರೆ ಏನೂ ಕಾಣ್ಲಿಲ್ಲ" ಅಂತ ಕಣ್ಣೊರೆಸಿಕೊಂಡ.

ಅರ್ಚಕರ ಹತ್ತಿರ ಎಲ್ಲಾ ಹೇಳಿ, ಇದು ಹರಕೆ ತೀರಿದಂಗೋ ಇಲ್ಲೋ ಅಂತ ಕೇಳಿದೆ. "ತಾಯಿ, ಹಿಂದೆ ಜನ ಅದಾರೆ, ತೀರ್ಥ ತಗೊಂಡು ಮುಂದೆ ನಡೀರಿ" ಅಂದರು.

ಈಗ ಯಜಮಾನರು ದಿನಾ ಅಂಗಡಿಗೆ ನಡೆದೇ ಹೋಗುತ್ತಾರೆ. ಆ ಮಾತು ಬಂದರೆ ಇವತ್ತಿಗೂ ಮನೆಯಲ್ಲಿ ಜಗಳ. ನೀನು ಎಳೆದೆ ಅಂತ ಅವರು, ಯಾರೋ ತಳ್ಳಿದರು ಅಂತ ನಾನು. ಅಜ್ಜಯ್ಯನೋ ರಾಮೇಶ್ವರನೋ ಅನ್ನೋದೂ ನನಗೆ ಬಗೆಹರಿದಿಲ್ಲ. ಬಂಧುಗಳೇ, ತಿಳಿದವರು ಹೇಳಿ. ಅಲ್ಲಿಯತನಕ ಸೋಮವಾರ ಒಬ್ಬರಿಗೆ, ಗುರುವಾರ ಒಬ್ಬರಿಗೆ, ಎರಡು ಕಡೆಗೂ ದೀಪ ಹಚ್ಚುತ್ತಿದ್ದೇನೆ. ಅವರೂ ತಳ್ಳಿಲ್ಲ, ನಾನೂ ಎಳೆದಿಲ್ಲ, ಅದೊಂದು ಮಾತ್ರ ಖಂಡಿತ.