ತೊಂಬತ್ತನಾಲ್ಕು ಗ್ರಾಂ ಉಪ್ಪು

ತಕ್ಕಡಿ ರಿಪೇರಿ ಮಾಡುವವನಿಗೆ ಬೀದಿಯವರು ಮಿಲಿಗ್ರಾಂ ಎಂದು ಹೆಸರಿಟ್ಟಿದ್ದರು. ಅದು ಗೇಲಿಯೆಂದು ಇಪ್ಪತ್ತು ವರ್ಷವಾದರೂ ಅವನಿಗೆ ಹೊಳೆದಿರಲಿಲ್ಲ, ಬಿರುದೆಂದೇ ತಿಳಿದಿದ್ದ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಗೋಡೆಗೆ ಹಿತ್ತಾಳೆಯ ತಟ್ಟೆಗಳು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿ ಮಲಗಿಸಿದ ಎಲೆಕ್ಟ್ರಾನಿಕ್ ತಕ್ಕಡಿಗಳು, ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ತೂಕದ ಬಟ್ಟುಗಳು. ಆ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರಿನ ತೂಕ ಸೇರಿಕೊಳ್ಳುತ್ತದಂತೆ. ಹೆಂಡತಿಯ ಕೈ ಹಿಡಿಯುವಾಗ ಇಷ್ಟೆಲ್ಲ ಯೋಚಿಸಿದ್ದನೋ ಇಲ್ಲವೋ ತಿಳಿಯದು. "ನಾನು ಮುಟ್ಟಿದ ತಕ್ಕಡಿ ಸುಳ್ಳು ಹೇಳಲ್ಲ" ಎಂಬುದು ಅವನ ವೇದವಾಕ್ಯ. ಬೀದಿಯ ಅಂಗಡಿಯವರೆಲ್ಲ ಅದನ್ನು ನಂಬಿದ್ದರು, ಬೇರೆ ರಿಪೇರಿಯವನು ಇರಲಿಲ್ಲವಾದ್ದರಿಂದ.

ಇಂಥವನ ತಾಯಿ ಜೀವಮಾನದಲ್ಲಿ ಒಮ್ಮೆಯೂ ಏನನ್ನೂ ತೂಗಿದವರಲ್ಲ. ಭಾನುವಾರ ಮಧ್ಯಾಹ್ನ ಅವರು ಮಾಡುವ ಸೂಪು ಅವರ ತಾಯಿಯಿಂದ ಬಂದದ್ದು. ಬೇಳೆ, ಕೋಸು, ಕ್ಯಾರೆಟ್ಟು, ಆಲೂಗಡ್ಡೆ, ಟೊಮೆಟೊ, ಒಂದಿಡೀ ಗೆಡ್ಡೆ ಬೆಳ್ಳುಳ್ಳಿ, ಒರಟಾಗಿ ಕುಟ್ಟಿದ ಮೆಣಸು. ದೊಡ್ಡ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ಗಂಟೆ. ಅಳತೆ ಕೇಳಿದರೆ ಹಿಡಿ, ಬೊಗಸೆ, ಚಿಟಿಕೆ. ಇನ್ನೂ ಒತ್ತಾಯಿಸಿದರೆ, "ಸಾಕು ಅನ್ನಿಸೋವರೆಗೆ." ಯಾರಿಗೆ ಸಾಕು ಅನ್ನಿಸಬೇಕು ಎಂದು ಮಗ ಕೇಳಿದ್ದ. ಪಾತ್ರೆಗೆ, ಎಂದಿದ್ದರು.

ನಾಲ್ಕು ಬೀದಿ ಆಚೆಗಿದ್ದ ಅವನ ಅಕ್ಕನಿಗೆ ತಾಯಿಯ ಮೇಲೆ ಅಪಾರ ಪ್ರೀತಿ. ಎಪ್ಪತ್ತಾರರ ಹೆಂಗಸನ್ನು ಒಲೆ ಮುಂದೆ ನಿಲ್ಲಿಸಿದ್ದಾರೆಂದು ಬೀದಿಯೆಲ್ಲ ಹೇಳಿಕೊಂಡು ಬರುವಷ್ಟು ಪ್ರೀತಿ. ಅವಳ ಮನೆಯಲ್ಲಿ ಟಿವಿಯ ಎದುರು ಮೆತ್ತನೆಯ ಕುರ್ಚಿಯೊಂದು ಅಮ್ಮನಿಗಾಗಿ ಎರಡು ವರ್ಷದಿಂದ ಕಾಯುತ್ತಿತ್ತು. "ಕುರ್ಚಿ ಮೇಲೆ ಕೂತು ನಾನೇನು ಮೊಟ್ಟೆ ಇಡ್ಲಾ?" ಎಂದು ಅಮ್ಮ ಕೇಳಿದ ಮೇಲೆ ಅಕ್ಕ ಬೇಡಿಕೆಯನ್ನು ಇಳಿಸಿದಳು: ಕೈಲಾಗುವಾಗಲೇ ಸೂಪಿನ ಅಳತೆಯನ್ನಾದರೂ ಬರೆಸಿಡಿ. ಮಿಲಿಗ್ರಾಂ ಬಹುಶಃ ಹುಟ್ಟಿದ್ದೇ ಈ ಕ್ಷಣಕ್ಕಾಗಿ. ಮುಂದಿನ ಭಾನುವಾರ ಅಮ್ಮ ಮಾಡಲಿ, ತಾನು ತೂಗುತ್ತೇನೆ. ಅದರ ಮುಂದಿನ ಭಾನುವಾರ ತಾನೇ ಮಾಡಿ ಎಲ್ಲರಿಗೂ ಬಡಿಸುತ್ತೇನೆ ಎಂದು ಸಾರಿದ.

ಅಕ್ಕ ತಮ್ಮ ಇಬ್ಬರಿಗೂ ತಿಳಿಯದ ಸಂಗತಿಯೊಂದು ಸೊಸೆಗೆ ತಿಳಿದಿತ್ತು. ಹಿಂದಿನ ವರ್ಷ ಬಂದಿದ್ದ ಜ್ವರ, ಹೋಗುವಾಗ ಅತ್ತೆಯ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಒಯ್ದಿತ್ತು. ಅತ್ತೆ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹದಿನಾಲ್ಕು ವರ್ಷ ಸೊಸೆಯನ್ನು ಆ ಪಾತ್ರೆಯ ಹತ್ತಿರ ಸುಳಿಯಗೊಡದವರು ಒಂದು ದಿನ ಸೌಟನ್ನು ಅವಳತ್ತ ಚಾಚಿ, "ಉಪ್ಪು ನೋಡು" ಎಂದರು. ಸೊಸೆ ನೋಡಿದಳು. ಅಂದಿನಿಂದ ಅತ್ತೆ ಹಾಕುವುದು, ಸೊಸೆ ನೋಡುವುದು, ಊಟಕ್ಕೆ ಕೂತವರು ಅಮ್ಮನ ಕೈರುಚಿ ನಿನಗೆ ಈ ಜನ್ಮಕ್ಕೆ ಬರುವುದಿಲ್ಲವೆಂದು ಸೊಸೆಗೆ ಹೇಳುವುದು, ಹೀಗೆ ಸಂಸಾರ ಸುಸೂತ್ರವಾಗಿ ಸಾಗಿತ್ತು. ವಿಷಯ ಬಯಲಾದರೆ ಅಕ್ಕ ಮರುದಿನವೇ ಆಟೊ ತಂದು ಅಮ್ಮನನ್ನು ಕುರ್ಚಿಗೆ ಸಾಗಿಸುತ್ತಾಳೆಂದು ಅತ್ತೆ ಸೊಸೆ ಇಬ್ಬರೂ ಬಲ್ಲರು.

ತೂಗುವ ದಿನ ಮಿಲಿಗ್ರಾಂ ತನ್ನ ಅತ್ಯುತ್ತಮ ತಕ್ಕಡಿಯನ್ನು ಒಲೆಯ ಪಕ್ಕ ಪ್ರತಿಷ್ಠಾಪಿಸಿದ. ಸೆರಗಿನ ಗಾಳಿಗೆ ಮುಳ್ಳು ಅಲ್ಲಾಡುತ್ತದೆಂದು ಹೆಂಡತಿಯನ್ನು ಬಾಗಿಲಾಚೆ ನಿಲ್ಲಿಸಿದ. ಅಮ್ಮ ಹಿಡಿ ತುಂಬಿದ್ದೆಲ್ಲ ಮೊದಲು ತಟ್ಟೆಗೆ, ಆಮೇಲೆ ಪಾತ್ರೆಗೆ. ಕೋಸು ಮುನ್ನೂರ ಹನ್ನೆರಡು, ಬೇಳೆ ಇನ್ನೂರ ಎಂಟು. ನನ್ನ ಕೈಯನ್ನೂ ತೂಗಿಬಿಡು, ಒಂದು ಕೆಲಸ ಮುಗಿಯುತ್ತದೆ ಎಂದು ಅಮ್ಮ ಗೊಣಗಿದರು. ಉಪ್ಪಿನ ಸರದಿ ಬಂದಾಗ ಸೌಟು ಹಿಡಿದು ಬಾಗಿಲತ್ತ ನೋಡಿದರು. ನಡುವೆ ಮಗ ಪೆನ್ನು ಹಿಡಿದು ನಿಂತಿದ್ದ. ಗತಿಯಿಲ್ಲದೆ ತಾವೇ ಹೀರಿ, ತಿಳಿದವರಂತೆ ತಲೆಯಾಡಿಸಿ, ಇನ್ನೊಂದಿಷ್ಟು ಹಾಕಿದರು. ಮತ್ತೆ ಹೀರಿ ಮತ್ತಿಷ್ಟು.

"ರೀ, ಜಾಸ್ತಿ ಆಗ್ಲಿಲ್ವಾ?" ಎಂದಳು ಹೆಂಡತಿ ಆಚೆಯಿಂದ.

"ಸುಮ್ನಿರು. ಅಳತೆಗೆ ಅಭಿಪ್ರಾಯ ಇರಲ್ಲ."

ಒಟ್ಟು ತೊಂಬತ್ತನಾಲ್ಕು ಗ್ರಾಂ. ಅವನು ಅದನ್ನು ಪುಸ್ತಕದಲ್ಲಿ ಎರಡು ಬಣ್ಣದ ಶಾಯಿಯಲ್ಲಿ ಶುದ್ಧಪ್ರತಿ ಮಾಡಲು ಹೋದಾಗ ಅವಳು ಅರ್ಧ ರಸವನ್ನು ಬಚ್ಚಲಿಗೆ ಚೆಲ್ಲಿ, ನೀರು, ಆಲೂಗಡ್ಡೆ, ಬೇರೆ ಬೇಯಿಸಿದ ಬೇಳೆ ಸೇರಿಸಿ ಸೂಪನ್ನು ಬದುಕಿಸಿದಳು. ಊಟಕ್ಕೆ ಕೂತ ಮಿಲಿಗ್ರಾಂ ಚಪ್ಪರಿಸಿ, ತೂಕದ ಮಹಿಮೆಯನ್ನು ಅವಳಿಗೇ ವಿವರಿಸಿದ.

ಮುಂದಿನ ಭಾನುವಾರ ಅಕ್ಕ, ಭಾವ ಬಂದರು. ಅಡುಗೆಮನೆಗೆ ಯಾರೂ ಕಾಲಿಡಬಾರದೆಂದು ಆಜ್ಞೆಯಾಗಿತ್ತು. ನೀರು ಬೇಕೆಂಬ ನೆವದಲ್ಲಿ ಹೆಂಡತಿ ಎರಡು ಸಲ ಹೋದಳು, ಎರಡು ಸಲವೂ ಬರೀ ನೀರು ಸಿಕ್ಕಿತು. ಉಪ್ಪು ಕಡಿಮೆ ಹಾಕಿ ಎಂದರೆ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂದು ಹೇಳಿದರೆ ಅತ್ತೆಯ ಕಥೆ ಮುಗಿಯುತ್ತದೆ. ಅವಳು ತಟ್ಟೆಗಳನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದಳು. ಒಳಗೆ ಅವನು ರುಚಿ ನೋಡುವ ಗೋಜಿಗೇ ಹೋಗಲಿಲ್ಲ. ಅದು ಅಳತೆ ಗೊತ್ತಿಲ್ಲದವರ ಕೆಲಸ.

ಮೊದಲ ಚಮಚಕ್ಕೇ ಭಾವನ ಮುಖ ಕಿವುಚಿಕೊಂಡಿತು. ಮರ್ಯಾದಸ್ಥ, ನುಂಗಿದ. ಅಕ್ಕ ನುಂಗಲಿಲ್ಲ.

"ಇದೇನೋ ಇದು, ಸಮುದ್ರ ಕುದಿಸಿದೀಯಾ?" ಎಂದು ಅವನ ಪುಸ್ತಕ ಎಳೆದುಕೊಂಡಳು. ಎರಡು ಬಣ್ಣದ ಶಾಯಿಯ ಮೇಲೆ ಬೆರಳಿಟ್ಟಳು. "ತೊಂಬತ್ತನಾಲ್ಕು? ಅಮ್ಮ, ನೀನೇ ಇಷ್ಟು ಹಾಕಿದ್ದಾ? ಬಾಯಿ ರುಚಿ ಗೊತ್ತಾಗ್ತಿದ್ಯಾ ನಿನಗೆ?"

ಮಿಲಿಗ್ರಾಂ ತಾಯಿಯತ್ತ ತಿರುಗಿದ. ಅಮ್ಮ ಆಗಲೇ ಅರ್ಧ ಬಟ್ಟಲು ಮುಗಿಸಿದ್ದರು. ಮುಖದಲ್ಲಿ ಒಂದು ಗೆರೆಯೂ ಕದಲಿರಲಿಲ್ಲ. ಅಕ್ಕನ ಮಾತು ಕೇಳಿದ ಮೇಲಷ್ಟೇ ಅವರ ಚಮಚ ನಿಂತಿತು; ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದರು, ಗೊತ್ತಿಲ್ಲದ ಊರಿನಲ್ಲಿ ಬೋರ್ಡು ಹುಡುಕುವವರ ಹಾಗೆ. ಅವನು ಹೆಂಡತಿಯತ್ತ ನೋಡಿದ. ಅವಳು ತಲೆ ಎತ್ತಲಿಲ್ಲ. ಕಳೆದ ವಾರ ಇದೇ ಉಪ್ಪು, ಇದೇ ಕೋಸು, ಅದೆಂಥ ರುಚಿ. ಲೆಕ್ಕ ಬಲ್ಲವನಿಗೆ ಉಳಿದದ್ದನ್ನು ಕೂಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ತಕ್ಕಡಿ ಕೆಟ್ಟಿತ್ತು" ಎಂದ.

"ನೀನು ಮುಟ್ಟಿದ ತಕ್ಕಡಿನಾ?"

"ಹೂಂ ಅಕ್ಕ. ನಾನು ಮುಟ್ಟಿದ್ದೇ. ಅಮ್ಮ ಹಾಕಿದ್ದು ಸರಿಯಾಗೇ ಇತ್ತು, ಇದೇ ತಪ್ಪು ತೋರಿಸಿದೆ."

ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಪ್ಪತ್ತು ವರ್ಷ ತಮ್ಮನ ಉಪದೇಶ ಕೇಳಿದವಳು, ಇಂಥ ಹಬ್ಬ ಅವಳಿಗೆ ಮತ್ತೆ ಯಾವಾಗ ಸಿಗಬೇಕು? ಆ ಖುಷಿಯಲ್ಲಿ ಅಮ್ಮನ ನಾಲಿಗೆಯನ್ನು ಮರೆತೇಬಿಟ್ಟಳು. ಮಿಲಿಗ್ರಾಂ ಪಾತ್ರೆಯನ್ನು ಒಳಗೆ ಹೊತ್ತೊಯ್ದ. ಹೆಂಡತಿ ಹಿಂದೆಯೇ ಬಂದು, ಕೇಳದೆಯೇ ಅರ್ಧ ರಸ ಬಗ್ಗಿಸಿದಳು. ಅವಳ ಕೈಯ ಚುರುಕು ಮೊದಲ ಸಲ ಮಾಡುವವರದಾಗಿರಲಿಲ್ಲ. ಅವನು ಆಲೂಗಡ್ಡೆ ಸುಲಿದುಕೊಟ್ಟ. ಎಷ್ಟು ಎಂದು ಕೇಳಲಿಲ್ಲ.

ಮನೆಯ ಮಾತನ್ನು ಬೀದಿಗೆ ತಲುಪಿಸುವುದರಲ್ಲಿ ಅಕ್ಕ ಎಂದೂ ತೂಕದಲ್ಲಿ ಮೋಸ ಮಾಡಿದವಳಲ್ಲ. ಸೋಮವಾರ ಬೆಳಿಗ್ಗೆ ದಿನಸಿಯವನು, ತರಕಾರಿಯವಳು, ಹಳೆ ಪೇಪರಿನವನು ತಂತಮ್ಮ ತಕ್ಕಡಿಗಳನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ನಿಮ್ಮ ತಕ್ಕಡಿಯೇ ಕೆಟ್ಟಿತ್ತಂತೆ, ನಮ್ಮದನ್ನೂ ಒಮ್ಮೆ ನೋಡಿಬಿಡಿ. ಎಲ್ಲವೂ ಸರಿಯಾಗಿದ್ದವು. ಅವನು ಒಂದೊಂದನ್ನೂ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ಕೊಟ್ಟ. ಬಿರುದು ಹೋಗಿ ಇನ್ನೇನು ಹೆಸರು ಬರುತ್ತದೋ ಎಂದು ದಿನಸಿಯವನ ಮುಖ ನೋಡಿದರೆ ಊಹಿಸಬಹುದಿತ್ತು.

ಹೆಂಡತಿ ಚಹಾ ತಂದಿಟ್ಟು ಅಲ್ಲೇ ನಿಂತಳು. ಏನೋ ಹೇಳುವುದಿತ್ತು. ಅಷ್ಟರಲ್ಲಿ ಒಳಗೆ ಪಾತ್ರೆಯ ಮುಚ್ಚಳ ಸದ್ದಾಯಿತು.

"ಅಮ್ಮ ಒಲೆ ಹತ್ರ ಇದ್ದಾರೆ" ಎಂದ ಅವನು, ತಕ್ಕಡಿಯಿಂದ ಕಣ್ಣೆತ್ತದೆ. "ಬೇಗ ಹೋಗು."