ಬಾಗಿಲ ಕಡೆ ತಿರುಗಿದ ಬೆಂಚುಗಳು

ಅವತ್ತು ಮಂಜು ನಿಜವಾಗಿ ಇತ್ತೋ, ಆಮೇಲೆ ನಾನೇ ಸೇರಿಸಿಕೊಂಡೆನೋ, ಹೇಳಲಾರೆ. ಐವತ್ತರ ದಶಕದ ರಾಜಾಜಿನಗರ; ಹೊಲಗಳ ನಡುವೆ ಸೈಟುಗಳ ಕಲ್ಲು ನೆಟ್ಟಿದ್ದರು. ನಮ್ಮ ಪುಟ್ಟ ಚರ್ಚಿನ ಪಾದ್ರಿಗಳು ಮಾತಿನ ನಡುವೆ ಕನ್ನಡಕ ತೆಗೆದು, ಒರೆಸದೆಯೇ ಮತ್ತೆ ಹಾಕಿಕೊಂಡು, "ಹೊರಗೆ ಯಾರಿದಾರೆ, ನೋಡಿ" ಅನ್ನುತ್ತಿದ್ದರು.

ಒಂದು ಭಾನುವಾರ ಅವರು ಬೆಂಚುಗಳನ್ನೆಲ್ಲ ಬಾಗಿಲ ಕಡೆ ತಿರುಗಿಸಿಟ್ಟಿದ್ದರು. ಆಚೆ, ಕಾರ್ಖಾನೆ ಕೆಲಸಕ್ಕೆಂದು ಹೊಸದಾಗಿ ಬಂದ ಜನ ಮಂಜಿನಲ್ಲಿ ತೇಲಿದಂತೆ ಹೋಗುತ್ತಿದ್ದರು.

"ಶಿಲುಬೆಗೆ ಬೆನ್ನು ಹಾಕಿ ಕೂರೋದಾ, ಅಯ್ಯನವರೇ? ನಮ್ಮನೆಯೋರು ಯಾರೂ ಇನ್ನು ಬರಲ್ಲ," ಎಂದರು ಸಭೆಯ ಹಿರಿಯರೊಬ್ಬರು.

"ನಿಮ್ಮ ಬೆಂಚು ನಿಮಗೆ ಬೇಕಾದ ಹಾಗೆ ಹಾಕ್ಕೊಳ್ಳಿ. ಹೋಗ್ಬೇಡಿ."

ಹಿರಿಯರು ಮನೆತನದ ಹೆಸರು ಕೆತ್ತಿಸಿದ್ದ ತಮ್ಮ ಬೆಂಚನ್ನು ಬಾಗಿಲ ಬಳಿಗೆ ಎಳೆದು, ಶಿಲುಬೆಯ ಕಡೆ ತಿರುಗಿಸಿ ಒಬ್ಬರೇ ಕುಳಿತರು.

ಆಗ ಹೊಸ್ತಿಲಿಗೆ ಬಂದ ಕೂಲಿ ದಂಪತಿ ಅಷ್ಟೊಂದು ಕಣ್ಣುಗಳನ್ನು ಕಂಡು ಬೆದರಿದರು. ಬೆನ್ನು ತೋರಿಸುತ್ತಿದ್ದದ್ದು ಆ ಒಂದೇ ಬೆಂಚು. ಮೆಲ್ಲಗೆ ಅದರ ತುದಿಗೆ ಕುಳಿತರು. ಹಿರಿಯರು ನೋಡಿದರು, ಸರಿದು ಜಾಗ ಬಿಟ್ಟರು.

ಪಾದ್ರಿಗಳು ಕನ್ನಡಕ ತೆಗೆದು ನಕ್ಕರು. "ನಂದೇ ತಪ್ಪು. ಮಿಕ್ಕವನ್ನೂ ಹಾಗೇ ತಿರುಗಿಸಿ."

ಇದೆಲ್ಲ ಕನಸಿರಬಹುದು. ಆದರೆ ಮೊನ್ನೆ ಹೋಗಿ ನೋಡಿದೆ: ಬಾಗಿಲ ಬಳಿಯ ಬೆಂಚಿನ ಮೇಲೆ ಹೆಸರು ಕೆರೆದು ಅಳಿಸಿದ ಗುರುತಿದೆ. ಕೆರೆಸಿದ್ದು ತನ್ನ ತಾತನೇ ಎಂದು ಆ ಹಿರಿಯರ ಮೊಮ್ಮಗಳು ಹೇಳಿದಳು.